ಪಾಪದ ಲೆಕ್ಕ ನರ್ಸಿನ ಕೆಲಸವಲ್ಲ

ಡಾಕ್ಸಿಸೈಕ್ಲಿನ್ ಮಲೆನಾಡಿನ ನರ್ಸುಗಳಿಗೆ ಹೊಸದಲ್ಲ. ಇಲಿಜ್ವರದ ಭಯವಿದ್ದಾಗ ಕೆಸರಿಗಿಳಿದು ದುಡಿಯುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಮುಂಜಾಗ್ರತೆಯಾಗಿ ಕೊಡುವುದುಂಟು. ಬರಿಗಾಲಲ್ಲಿ ಗದ್ದೆಗೆ ಯಾಕೆ ಇಳಿದೆ ಎಂದು ಆಗ ಯಾರೂ ಗದರುವುದಿಲ್ಲ. ಅಸುರಕ್ಷಿತ ಸಂಭೋಗವಾದ 72 ಗಂಟೆಯೊಳಗೆ ಅದೇ 200 ಮಿಲಿಗ್ರಾಂ ನುಂಗಿದರೆ ಸಿಫಿಲಿಸ್, ಕ್ಲಮಿಡಿಯ ಬಹುಮಟ್ಟಿಗೆ ತಪ್ಪುತ್ತವೆ ಎಂದು 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ನ ಅಧ್ಯಯನ ತೋರಿಸಿತು. ಈ ಸುದ್ದಿ ಹೇಳಿದರೆ ಮಾತ್ರ ನಮ್ಮವರ ಬಾಯಲ್ಲಿ ಬರುವುದು ಒಂದೇ ಮಾತು: ಮಾಡಿದ್ದುಣ್ಣೋ ಮಹರಾಯ.

ನಮ್ಮದು ದೇವರಮನೆಯ ಕಾಲಭೈರವೇಶ್ವರನಿಗೆ ನಡೆದುಕೊಳ್ಳುವ ಮನೆತನ. ಪಾಪ ಪುಣ್ಯ ಎರಡನ್ನೂ ನಂಬಿದವಳು ನಾನು. ನಂಬುವುದರಿಂದಲೇ ಕೇಳುತ್ತೇನೆ, ಆ ಲೆಕ್ಕ ಬರೆಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಕಾಫಿ ತೋಟದ ಲೈನ್ ಮನೆಯಿಂದ ಬಂದ ಬಸುರಿಯೊಬ್ಬಳ ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಕಂಡಿತು. ಸೊಂಟದ ಎರಡೂ ಬದಿಗೆ ಪೆನಿಸಿಲಿನ್ ಚುಚ್ಚಿಸಿಕೊಂಡು, ತಾಯಿ ಕಾರ್ಡನ್ನು ಮುದುರಿ ಹಿಡಿದು, "ನಾನೇನು ಮಾಡಿದೆ ಸಿಸ್ಟರ್?" ಅಂದಳು. ಗಂಡನಿಂದ ಬಂದ ರೋಗ ಅದು. ಚಿಕಿತ್ಸೆ ತಡವಾಗಿದ್ದರೆ ಹೊಟ್ಟೆಯ ಕೂಸಿಗೂ ತಗಲಬಹುದಿತ್ತು. ಕೂಸು ಯಾವ ಕರ್ಮ ಮಾಡಿತ್ತು?

ಹಾಗೆಂದು ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೇಳಿದವರಿಗೆಲ್ಲ ಹಂಚಿ ಎನ್ನಲಾರೆ. ಗೊನೊರಿಯ ಬಹಳ ಕಡೆ ಈ ಜಾತಿಯ ಔಷಧಿಗೆ ಆಗಲೇ ಬಗ್ಗದಾಗಿದೆ. ನಮ್ಮ ಮೂಗು, ಗಂಟಲಿನಲ್ಲಿ ಸುಮ್ಮನಿರುವ ಸೂಕ್ಷ್ಮಾಣುಗಳೂ ಪದೇ ಪದೇ ಮದ್ದು ಬಿದ್ದರೆ ಅದನ್ನು ಜಯಿಸಲು ಕಲಿಯುತ್ತವೆ. ಆ ಪೆಟ್ಟು ಮಾತ್ರೆಯನ್ನೇ ನೋಡದವರಿಗೂ ಬೀಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) 2024ರಲ್ಲಿ ಕೊಟ್ಟ ಸಲಹೆ ಕೂಡ ಎಲ್ಲರಿಗಲ್ಲ. ಹಿಂದಿನ ಒಂದು ವರ್ಷದಲ್ಲಿ ಇಂಥ ಸೋಂಕು ತಗಲಿದ, ಗಂಡಸರೊಡನೆ ಸಂಬಂಧವಿರುವ ಗಂಡಸರಿಗೆ ಮತ್ತು ಟ್ರಾನ್ಸ್‌ಜೆಂಡರ್ ಮಹಿಳೆಯರಿಗೆ ಮಾತ್ರ. ಕೀನ್ಯಾದ ಯುವತಿಯರ ಅಧ್ಯಯನದಲ್ಲಿ ಇದರಿಂದ ಪ್ರಯೋಜನ ಕಾಣಲಿಲ್ಲ. ಕೂದಲು ಪರೀಕ್ಷಿಸಿದಾಗ ಹೆಚ್ಚಿನ ಮಾದರಿಗಳಲ್ಲಿ ಔಷಧಿ ಕಾಣಲಿಲ್ಲ, ಅಂದರೆ ಹಲವರು ಮಾತ್ರೆಯನ್ನು ಸರಿಯಾಗಿ ನುಂಗಿರಲಿಲ್ಲ. ಯಾಕೆ ನುಂಗಲಿಲ್ಲ ಎಂದು ಯೋಚಿಸುವಾಗ ನನಗೆ ನಮ್ಮ ಲೈನ್ ಮನೆಗಳ ಗೋಡೆಗಳು ನೆನಪಾಗುತ್ತವೆ. ಪಕ್ಕದ ಮನೆಯ ಕೆಮ್ಮು ಕೇಳುವ ಕಡೆ ಮಾತ್ರೆಯ ಪೊಟ್ಟಣ ಬಚ್ಚಿಡುವುದೆಲ್ಲಿ?

ಮದ್ದಿಗೆ ಮಿತಿ ಬೇಕು. ಆ ಮಿತಿಯನ್ನು ಅಪಾಯ ನೋಡಿ ಹಾಕಬೇಕೇ ಹೊರತು ಯೋಗ್ಯತೆ ಅಳೆದಲ್ಲ. ಕೊಡಲಾಗದಿದ್ದಾಗ ಕಾರಣವನ್ನು ಬಿಡಿಸಿ ಹೇಳೋಣ, ನಾಚಿಕೆಪಡಿಸಿ ಕಳಿಸುವುದು ಬೇಡ.

ಓದುವ ನಿಮಗೂ ಒಂದು ಮಾತು. ಅನುಮಾನವಿದ್ದರೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಸರ್ಕಾರಿ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಔಷಧಿ ಎರಡೂ ಉಚಿತ. ಬರುವಾಗ ಸಂಗಾತಿಯನ್ನೂ ಕರೆತನ್ನಿ.