ಇಂದಿನ ಧಮ್ಮ ಚಿಂತನೆ: ಭೇರಿ ಬಾರಿಸಿದರೂ ಯಾರೂ ಬರಲಿಲ್ಲ

ಗಂಗೆಯ ದಕ್ಷಿಣಕ್ಕೆ ಮಗಧ, ಉತ್ತರಕ್ಕೆ ವಜ್ಜಿಗಳ ನಾಡು. ಮಗಧದ ದೊರೆ ಅಜಾತಶತ್ರುವಿಗೆ ಬಲವೂ ದೊಡ್ಡದು, ಆಸೆಯೂ ದೊಡ್ಡದು. ವಜ್ಜಿಗಳಾದರೋ ವೈಶಾಲಿಯಲ್ಲಿ ಸಭೆ ಸೇರಿ ಆಳಿಕೊಳ್ಳುವ ಜನ. ಅವರನ್ನು ನಿರ್ಮೂಲ ಮಾಡಬೇಕೆಂದುಕೊಂಡ ದೊರೆ, ಭಗವಾನರು ಏನನ್ನುತ್ತಾರೆ ಕೇಳಿ ಬಾ ಎಂದು ಮಂತ್ರಿ ವಸ್ಸಕಾರನನ್ನು ಗೃಧ್ರಕೂಟಕ್ಕೆ ಕಳಿಸಿದ.

ಭಗವಾನರು ಮಂತ್ರಿಗೆ ನೇರವಾಗಿ ಉತ್ತರಿಸಲಿಲ್ಲ. ಹಿಂದೆ ನಿಂತು ಬೀಸಣಿಗೆ ಬೀಸುತ್ತಿದ್ದ ಆನಂದರನ್ನು ಏಳು ಪ್ರಶ್ನೆ ಕೇಳಿದರು. ಒಂದೂ ಸೈನ್ಯದ ಬಗ್ಗೆ ಅಲ್ಲ. ವಜ್ಜಿಗಳು ಆಗಾಗ ಸಭೆ ಸೇರುತ್ತಾರೆಯೇ? ಒಮ್ಮತದಿಂದ ಕೂಡಿ ಒಮ್ಮತದಿಂದ ಏಳುತ್ತಾರೆಯೇ? ಹಿರಿಯರ ಮಾತಿಗೆ ಬೆಲೆ ಕೊಡುತ್ತಾರೆಯೇ? ಹೆಣ್ಣುಮಕ್ಕಳನ್ನು ಬಲವಂತದಿಂದ ಎಳೆದೊಯ್ಯುವುದಿಲ್ಲ ತಾನೆ? ಹೀಗೆ ಕೇಳಿ, ಈ ಗುಣಗಳು ಇರುವ ತನಕ ವಜ್ಜಿಗಳಿಗೆ ಏಳಿಗೆಯೇ ಹೊರತು ಕೇಡಿಲ್ಲ ಎಂದರು.

ಯುದ್ಧದಿಂದ ಆಗದ್ದು ಒಡಕಿನಿಂದ ಆದೀತೆಂದು ವಸ್ಸಕಾರನಿಗೆ ಹೊಳೆಯಿತು. ಮುಂದಿನದನ್ನು ಅಟ್ಠಕಥೆ ಹೇಳುತ್ತದೆ. ರಾಜನ ಸಿಟ್ಟಿಗೆ ಗುರಿಯಾದವನಂತೆ ನಟಿಸಿ ಅವನು ವೈಶಾಲಿ ಸೇರಿದ. ಒಬ್ಬ ಲಿಚ್ಛವಿಯನ್ನು ಪಕ್ಕಕ್ಕೆ ಕರೆದು, ಹೊಲ ಉಳುತ್ತೀರಾ ಎಂದಷ್ಟೇ ವಿಚಾರಿಸಿದ. ಏನಂದ ಅಂತ ಉಳಿದವರು ಕೇಳಿದಾಗ ಆತ ಇದ್ದದ್ದನ್ನೇ ಹೇಳಿದ. ಯಾರೂ ನಂಬಲಿಲ್ಲ. ಇಂಥದ್ದೇ ಮಾತುಗಳಲ್ಲಿ ಮೂರು ವರ್ಷ ಕಳೆಯುವಷ್ಟರಲ್ಲಿ ಇಬ್ಬರು ಒಂದೇ ದಾರಿಯಲ್ಲಿ ನಡೆಯದಂತಾಯಿತು. ಮಗಧದ ಸೇನೆ ಬಂದಾಗ ಭೇರಿ ಬಾರಿಸಿದರು. ಶೂರರು ಯಾರಿದ್ದಾರೋ ಅವರೇ ಹೋಗಲಿ ಎಂದು ಎಲ್ಲರೂ ಮನೆಯಲ್ಲೇ ಕೂತರು. ಅಜಾತಶತ್ರು ತೆರೆದ ಬಾಗಿಲಿನಿಂದ ಒಳಗೆ ಬಂದ.

ಮೊನ್ನೆ ಇದನ್ನು ಓದುವಾಗ ನನಗೆ ನಾಚಿಕೆಯಾಯಿತು. ಕಳೆದ ತಿಂಗಳು ನಮ್ಮ ಭಾನುವಾರದ ಓದು ಮುಗಿದ ಮೇಲೆ ಇಬ್ಬರು ಗೇಟಿನ ಬಳಿ ಮೆಲ್ಲಗೆ ಮಾತಾಡುತ್ತಿದ್ದರು. ಏನು ವಿಷಯ ಎಂದೆ. “ಮೊಮ್ಮಗಳಿಗೆ ಜ್ವರ” ಎಂದರು. ನಾನು ನಂಬಲಿಲ್ಲ. ನನ್ನ ಬಗ್ಗೆಯೇ ಏನೋ ಅಂದುಕೊಂಡು ಎರಡು ವಾರ ಬರಲಿಲ್ಲ. ಇಲ್ಲಿ ವಸ್ಸಕಾರ ಯಾರೂ ಇರಲಿಲ್ಲ. ಅವನ ಕೆಲಸವನ್ನು ನಾನೇ ಮಾಡಿದ್ದೆ. ಓದು ನಿಲ್ಲಿಸಿ ಫೋನ್ ಮಾಡಿದೆ. ಮಗು ಈಗ ಹುಷಾರಾಗಿದೆಯಂತೆ.

ಬಲಾಢ್ಯ ನೆರೆಯವನು ಇರುವುದು ಸಣ್ಣ ನಾಡಿನ ಕೈಯಲ್ಲಿಲ್ಲ. ಕೂಡಿ ಕೂರುವುದು ಅದರ ಕೈಯಲ್ಲಿದೆ. ಮಂತ್ರಿ ಹೊರಟ ಮೇಲೆ ಭಗವಾನರು ರಾಜಗೃಹದ ಭಿಕ್ಖುಗಳನ್ನೆಲ್ಲ ಸೇರಿಸಿ ಇದೇ ಬೋಧನೆಯನ್ನು ಅವರಿಗೂ ಕೊಟ್ಟರು. ನಮಗೂ ಅದು ಸಲ್ಲುತ್ತದೆ.

ಇಂದಿನ ಅಭ್ಯಾಸ: ಯಾರ ಮೇಲೆ ಕಾರಣವಿಲ್ಲದೆ ಅನುಮಾನ ಬಂದಿದೆಯೋ, ಅವರಿಗೆ ಒಂದು ಫೋನ್ ಮಾಡೋಣ. ಭಾನುವಾರ ಎಲ್ಲರೂ ಬನ್ನಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏