ಅಳೆಯುವ ಕೊಳಗ ಒಂದೇ ಇರಲಿ

ಕೊಳ್ಳುವಾಗ ಒಂದು ಕೊಳಗವನ್ನೂ ಮಾರುವಾಗ ಇನ್ನೊಂದು ಕೊಳಗವನ್ನೂ ಬಳಸುವ ವರ್ತಕನನ್ನು ಲೋಕವು ವಂಚಕನೆನ್ನುತ್ತದೆ. ಆದರೆ ಧರ್ಮಾಧರ್ಮಗಳನ್ನು ಅಳೆಯುವಾಗ ತಮ್ಮವರಿಗೊಂದು, ಪರರಿಗೊಂದು ಅಳತೆಯನ್ನಿಟ್ಟುಕೊಂಡವರನ್ನು ಅದೇ ಲೋಕವು ನಿಷ್ಠಾವಂತರೆಂದು ಹೊಗಳುವುದುಂಟು. ಈ ವಿಪರ್ಯಾಸಕ್ಕೆ ಅಮೆರಿಕ ದೇಶದ ರಾಜಕಾರಣದಲ್ಲಿ ಸ್ಪಷ್ಟ ನಿದರ್ಶನವಿದೆ.

1787ರಲ್ಲಿ ರಚಿತವಾದ ಆ ದೇಶದ ಸಂವಿಧಾನವು ಯುದ್ಧ ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ಸೆಂಬ ಶಾಸನಸಭೆಗೂ, ಸೇನೆಯ ದಂಡನಾಯಕತ್ವವನ್ನು ಅಧ್ಯಕ್ಷರಿಗೂ ವಹಿಸಿತು. ಅಸಂಖ್ಯರ ಪ್ರಾಣವನ್ನು ಪಣಕ್ಕೊಡ್ಡುವ ನಿರ್ಧಾರವು ಒಬ್ಬನ ಇಚ್ಛೆಗೆ ಅಧೀನವಾಗಬಾರದೆಂಬುದೇ ಅದರ ಆಶಯ. ವಿಯೆಟ್ನಾಂ ಯುದ್ಧದ ಕಹಿಯನ್ನುಂಡ ಕಾಂಗ್ರೆಸ್ಸು 1973ರಲ್ಲಿ, ಅಧ್ಯಕ್ಷ ನಿಕ್ಸನ್ನರ ವೀಟೋವನ್ನೂ ಮೀರಿ, ಶಾಸನವೊಂದನ್ನು ಮಾಡಿತು. ಅದರಂತೆ ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಗಳೊಳಗೆ ಅಧ್ಯಕ್ಷರು ಸಭೆಗೆ ವರದಿಯೊಪ್ಪಿಸಬೇಕು. ಅನುಮತಿ ದೊರೆಯದಿದ್ದರೆ ಸಾಮಾನ್ಯವಾಗಿ 60 ದಿನಗಳಲ್ಲಿ ಕದನವನ್ನು ನಿಲ್ಲಿಸಬೇಕು.

ದೇಶಕ್ಕೆ ಸನ್ನಿಹಿತವಾದ ಅಪಾಯವಿಲ್ಲದಿರುವಾಗ ಅಧ್ಯಕ್ಷರು ತಾವಾಗಿಯೇ ದಾಳಿಗೆ ಅಪ್ಪಣೆ ಕೊಡಲಾಗದೆಂದು 2007ರಲ್ಲಿ, ಚುನಾವಣೆಯ ಅಭ್ಯರ್ಥಿಯಾಗಿದ್ದ ಬರಾಕ್ ಒಬಾಮ ಹೇಳಿದ್ದರು. 2011ರಲ್ಲಿ ಅಧ್ಯಕ್ಷರಾಗಿ, ಸಭೆಯ ಅನುಮತಿಯಿಲ್ಲದೆ ಲಿಬಿಯದ ಮೇಲೆ ದಾಳಿ ನಡೆಸಿದರು. 60 ದಿನಗಳು ಮೀರಿದಾಗ, ಇದು ಶಾಸನದ ಅರ್ಥದಲ್ಲಿ ಕದನವೇ ಅಲ್ಲವೆಂದು ಅವರ ಸರಕಾರವು ವಾದಿಸಿತು. 2013ರಲ್ಲಿ ಸಿರಿಯದ ಮೇಲೆ ದಾಳಿ ಮಾಡುವ ಮುನ್ನ ಒಬಾಮ ಅವರು ಸಭೆಯ ಅನುಮತಿ ಪಡೆಯಬೇಕೆಂದು ಡೊನಾಲ್ಡ್ ಟ್ರಂಪ್ ಒತ್ತಾಯಿಸಿದರು. ಒಬಾಮ ಆಗ ಅನುಮತಿಯನ್ನು ಕೇಳಿದರು ಕೂಡ. 2017ರಲ್ಲಿ ಟ್ರಂಪ್ ತಾವೇ ಅಧ್ಯಕ್ಷರಾಗಿದ್ದಾಗ, ಆ ಅನುಮತಿಯಿಲ್ಲದೆಯೇ ಸಿರಿಯದ ವಾಯುನೆಲೆಯೊಂದರ ಮೇಲೆ 59 ಕ್ಷಿಪಣಿಗಳನ್ನು ಹಾರಿಸಲು ಆಜ್ಞಾಪಿಸಿದರು. ಉಭಯ ಪಕ್ಷಗಳ ಅನುಯಾಯಿಗಳಲ್ಲಿ ಅನೇಕರು ಎದುರಾಳಿಯಲ್ಲಿ ಕಂಡ ದೋಷವನ್ನು ತಮ್ಮವರಲ್ಲಿ ಕಾಣಲಿಲ್ಲ.

ಪೀಡಿತರ ರಕ್ಷಣೆಗಾಗಿ ಕೈಗೊಂಡ ಕಾರ್ಯದಲ್ಲಿ ನಿಯಮವನ್ನು ಎಣಿಸುತ್ತ ಕೂರಬೇಕೆ, ಎಂದು ಕೇಳಬಹುದು. ಪ್ರಶ್ನೆ ಹಗುರವಾದುದಲ್ಲ. ಉದ್ದೇಶವು ನಿರ್ಮಲವಾಗಿಯೂ ಇರಬಹುದು. ಆದರೆ ಆ ಸಮಾಧಾನವನ್ನು ನಮ್ಮವರ ಬಾಯಿಂದ ಒಪ್ಪಿದವರು ಎದುರಾಳಿಯ ಬಾಯಿಂದಲೂ ಒಪ್ಪಬೇಕಾಗುತ್ತದೆ. ಇಂದು ನಮ್ಮವನ ಕೈಗೆ ಕೊಟ್ಟ ಖಡ್ಗವು ನಾಳೆ ಅವನ ಕೈಯಲ್ಲೇ ಉಳಿಯುವುದಿಲ್ಲ.

ಒಂದೇ ಕೊಳಗದಿಂದ ಅಳೆದವರೂ ಇಲ್ಲದಿರಲಿಲ್ಲ. 2011ರಲ್ಲಿ ಡೆಮಾಕ್ರಟಿಕ್ ಪಕ್ಷದ ಡೆನಿಸ್ ಕುಸಿನಿಚ್ ಅವರು ಉಭಯ ಪಕ್ಷಗಳ ಕೆಲವು ಸದಸ್ಯರೊಡಗೂಡಿ, ಲಿಬಿಯದ ವಿಷಯದಲ್ಲಿ ಸ್ವಪಕ್ಷದ ಅಧ್ಯಕ್ಷರ ಮೇಲೆಯೇ ನ್ಯಾಯಾಲಯದಲ್ಲಿ ದಾವೆ ಹೂಡಿದರು. ದಾವೆಯು ವಜಾ ಆಯಿತು. ಆದರೂ ಅವರ ನುಡಿ ನಡೆಗಳು ಒಂದಾಗಿಯೇ ಉಳಿದವು.

ನಮ್ಮ ಮನೆ, ಊರು, ಸಂಸ್ಥೆಗಳಲ್ಲಿಯೂ ಈ ಪರೀಕ್ಷೆ ನಿತ್ಯ ಒದಗುತ್ತದೆ. ತಪ್ಪೊಂದನ್ನು ಕಂಡಾಗ, ಮಾಡಿದವರ ಹೆಸರನ್ನು ಮರೆಮಾಡಿ ತೀರ್ಪು ಹೇಳಿ, ಆಮೇಲೆ ಹೆಸರನ್ನು ನೋಡೋಣ. ಆಗಲೂ ತೀರ್ಪು ಬದಲಾಗದಿದ್ದರೆ ಅದು ನ್ಯಾಯ. ಬದಲಾದರೆ ಅದು ಕೇವಲ ಪಕ್ಷಪಾತ.