ಬಾಡಿಗೆಯ ಹಣ ಕಾಯಕವೆನಿಸುವುದೆಂತು?



ಕಳೆದ ಶ್ರಾವಣಮಾಸದ ಪ್ರವಚನವು ಮುಗಿದು ಎಲ್ಲರೂ ಪ್ರಸಾದಕ್ಕೆ ಕುಳಿತಿದ್ದ ವೇಳೆಯಲ್ಲಿ, ನೌಕರಿಯಿಂದ ನಿವೃತ್ತರಾದ ಭಕ್ತರೊಬ್ಬರು ನನ್ನ ಮಗ್ಗುಲಿಗೆ ಸರಿದು ಕುಳಿತು ತುಸು ಸಂಕೋಚದಿಂದಲೇ ಕೇಳಿದರು: “ಗುರುಗಳೆ, ಕಾಯಕದ ಮಹಿಮಾ ಭಾಳ ಛಲೋ ಹೇಳಿದ್ರಿ. ನನಗ ಮ್ಯಾಲಿನ ಮನಿ ಬಾಡಿಗಿ ಬರ್ತದ, ಅದರಾಗ ಸಂಸಾರ ನಡಿತದ. ಹಂಗಾದ್ರ ನನ್ನ ಕಾಯಕ ಯಾವುದ್ರಿ?”

ಒಂದು ತಾಸು ನಿರರ್ಗಳವಾಗಿ ಮಾತನಾಡಿದ್ದ ನನಗೆ ಈ ಒಂದು ಪ್ರಶ್ನೆಗೆ ಉತ್ತರವು ಒಡನೆಯೇ ಹೊಳೆಯಲಿಲ್ಲ. ಶಿವಧ್ಯಾನ, ದಾಸೋಹ ಎಂದೇನೋ ಹೇಳಿ ಎದ್ದುಬಿಟ್ಟೆ. ಆದರೆ ಆ ಪ್ರಶ್ನೆಯು ಮನೆಯವರೆಗೂ ನನ್ನನ್ನು ಬಿಡದೆ ಹಿಂಬಾಲಿಸಿತು. ಕಾರಣವಿಷ್ಟೆ: ಮಠದ ಪಾಠಶಾಲೆಯಲ್ಲಿ ಶಬ್ದಮಂಜರಿಯನ್ನೂ ವಚನಗಳನ್ನೂ ಹೇಳಿಕೊಡುವ ನಾನೂ ಸಹ ಒಂದು ಮನೆಯ ಒಡೆಯನು, ನನ್ನ ಮೇಲಂತಸ್ತಿನಲ್ಲಿಯೂ ಬಾಡಿಗೆದಾರರಿದ್ದಾರೆ.

ನಮ್ಮ ಧಾರವಾಡದಲ್ಲಿ ಇಂತಹ ಒಡೆಯರಿಗೆ ಕೊರತೆಯಿಲ್ಲ. ಇವರು ಭಾರೀ ಜಮೀನುದಾರರಲ್ಲ. ಭೂಸುಧಾರಣೆಯ ಕಾನೂನು 1974ರಲ್ಲಿ ತಿದ್ದುಪಡಿಯಾಗಿ ಗೇಣಿಯ ಪದ್ಧತಿಯು ತೊಲಗಿದ ಮೇಲೆ ಆ ಕಾಲದ ಒಡೆತನವು ಕಥೆಯಾಗಿ ಉಳಿಯಿತು. ಇಂದಿನ ಒಡೆಯರು ಶಿಕ್ಷಕರು, ಕಾರಕೂನರು, ಸಣ್ಣ ವ್ಯಾಪಾರಿಗಳು. ಭವಿಷ್ಯನಿಧಿಯ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ತಮ್ಮ ತಲೆಯ ಮೇಲೊಂದು ಅಂತಸ್ತನ್ನು ಎಬ್ಬಿಸಿದವರು. ಸಪ್ತಾಪುರದ ಕಡೆಗಾದರೆ ಸ್ಪರ್ಧಾಪರೀಕ್ಷೆಗೆ ಓದಲು ಬರುವ ಹುಡುಗರಿಗಾಗಿ ನಾಲ್ಕು ಖೋಲಿಗಳನ್ನು ಕಟ್ಟಿಸಿದವರು. ಇವರ ತಾಪತ್ರಯವನ್ನು ಬಲ್ಲವರೇ ಬಲ್ಲರು. ನನ್ನ ಲೆಕ್ಕವನ್ನೇ ಹೇಳುವೆನು. ಶೇಕಡಾ 9ರ ಬಡ್ಡಿಯಂತೆ ಹದಿನೈದು ವರ್ಷದ ಅವಧಿಗೆ ಹನ್ನೆರಡು ಲಕ್ಷ ರೂಪಾಯಿ ಸಾಲ ತೆಗೆದೆನು. ತಿಂಗಳ ಕಂತು ಸುಮಾರು 12,170 ರೂಪಾಯಿ. ಬರುವ ಬಾಡಿಗೆ 9,000. ಮಿಕ್ಕ 3,170ನ್ನು ಸಂಬಳದಿಂದ ಭರಿಸತಕ್ಕದ್ದು. ಮನೆಯು ವರ್ಷದಲ್ಲಿ ಎರಡು ತಿಂಗಳು ಖಾಲಿ ಬಿದ್ದಿತೆಂದರೆ ವರ್ಷದ ಬಾಡಿಗೆಯಲ್ಲಿ ಆರನೆಯ ಒಂದು ಪಾಲು ಹೋಯಿತು; ಕಂತು ಮಾತ್ರ ತಪ್ಪದು. ಮನೆ ಕಟ್ಟುವಾಗ ಈ ಲೆಕ್ಕವನ್ನು ನಾನು ಹಾಕಿರಲಿಲ್ಲ. ವ್ಯಾಕರಣದ ಸೂತ್ರಗಳು ಕಂಠಪಾಠವಿದ್ದ ಮಾತ್ರಕ್ಕೆ ಗಣಿತವು ಒಲಿಯುವುದೆಂಬ ನಿಯಮವಿಲ್ಲವಷ್ಟೆ.

ಬಾಡಿಗೆಯೆಂಬುದು ಸಂಸ್ಕೃತದ ‘ಭಾಟಕ’ ಶಬ್ದದ ತದ್ಭವ. ಮನೆಗೆ ಕಾಗದಪತ್ರಗಳಲ್ಲಿ ಸ್ಥಾವರ ಆಸ್ತಿಯೆಂದು ಹೆಸರು. ‘ಸ್ಥಾ’ ಎಂದರೆ ನಿಲ್ಲುವುದು, ‘ಗಮ್’ ಎಂದರೆ ಹೋಗುವುದು. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಅಣ್ಣನವರು ಈ ಎರಡು ಶಬ್ದಗಳನ್ನು ಎದುರುಬದುರಾಗಿ ನಿಲ್ಲಿಸಿ ಯಾವುದನ್ನು ಮೇಲೆಂದರು ಎಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಸರಿ. ಅವರ ಮಾತಿನ ಗುರಿ ಬಾಡಿಗೆಯ ಮನೆಯಾಗಿರಲಿಲ್ಲ, ನಿಜ. ಆದರೂ ಮನೆಯ ಒಡೆಯನಾದವನು ಆ ವಚನವನ್ನು ಓದುವಾಗ ತನ್ನ ಗೋಡೆಗಳನ್ನು ಒಮ್ಮೆ ನೋಡಿಕೊಳ್ಳದೆ ಇರಲಾರನು. ಗೋಡೆಯು ನಿಂತೇ ಇರುತ್ತದೆ. ಅದರೊಳಗೆ ಮಕ್ಕಳುಮರಿಗಳೊಡನೆ ಬಂದು, ಕೆಲವು ಕಾಲವಿದ್ದು, ಹೋಗುವವರು ಬಾಡಿಗೆದಾರರು. ನಾವು ಯಾವುದನ್ನು ಹೆಚ್ಚು ಜೋಪಾನ ಮಾಡುತ್ತೇವೆ? ಗೋಡೆಗೆ ಮೊಳೆ ಹೊಡೆದರೆ ನಮ್ಮ ಎದೆಗೆ ಹೊಡೆದಂತಾಗುತ್ತದೆ. ಮೇಲಿನ ಮಗುವಿಗೆ ಜ್ವರ ಬಂದುದು ವಾರದ ಮೇಲೆ ತಿಳಿಯುತ್ತದೆ.

ಪಂಚಾಚಾರಗಳಲ್ಲಿ ಸದಾಚಾರವೆಂಬುದು ಗಳಿಕೆಯ ಶುದ್ಧಿಗೆ ಸಂಬಂಧಪಟ್ಟುದು. ಆಯ್ದಕ್ಕಿ ಮಾರಯ್ಯನವರ ವೃತ್ತಾಂತವನ್ನು ಯಾರು ಕೇಳಿಲ್ಲ? ಕಲ್ಯಾಣದ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಸಲ್ಲತಕ್ಕದ್ದಲ್ಲ, ಮರಳಿ ಅಲ್ಲಿಯೇ ಸುರಿದು ಬಾ ಎಂದು ಹೆಂಡತಿಯಾದ ಲಕ್ಕಮ್ಮನವರು ಹಿಂದಕ್ಕೆ ಕಳುಹಿದರು. ಅಕ್ಕಿಯು ಕದ್ದದ್ದಲ್ಲ, ಬಿದ್ದದ್ದು. ಆದರೂ ಅಂದಿನ ಅಗತ್ಯಕ್ಕೂ ಅಂದಿನ ಶ್ರಮಕ್ಕೂ ಮೀರಿದುದೆಂಬುದೇ ಲಕ್ಕಮ್ಮನವರ ಆಕ್ಷೇಪಣೆ. ಈ ಕಥೆಯನ್ನು ನಾನು ಪಾಠಶಾಲೆಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಅದು ನನ್ನ ಮನೆಯ ಮೆಟ್ಟಿಲನ್ನೇ ಹತ್ತಿ ಬರುವುದೆಂದು ತಿಳಿದಿರಲಿಲ್ಲ.

ಮೊದಲು ಒಡೆಯರ ಪರವಾಗಿ ಒಂದು ಮಾತು. ಬಾಡಿಗೆ ಕೊಡದೆ ಆರಾರು ತಿಂಗಳು ಕುಳಿತುಬಿಡುವವರೂ ಇದ್ದಾರೆ. ಅಂಥವರಿಂದ ಬಾಡಿಗೆ ಕೇಳುವುದು ಭಕ್ತನಿಗೆ ಸಲ್ಲದು, ಬಿಟ್ಟುಬಿಡುವುದೇ ದಾಸೋಹವೆಂದು ಕೆಲವರು ಉಪದೇಶಿಸುವುದುಂಟು. ನಾನು ಇದನ್ನು ಒಪ್ಪಲಾರೆನು. ದಾಸೋಹವು ಅರಿತು, ಒಲಿದು ಕೊಡುವಂಥದು. ಕೊಡತಕ್ಕವನು ಕೊಡದೆ ಉಳಿಸಿಕೊಂಡದ್ದು ದಾಸೋಹವೆನಿಸದು. ಕೇಳಬೇಕು, ನೆಟ್ಟಗೆ ಕೇಳಬೇಕು. ಆದರೆ ನಳವನ್ನು ಕಟ್ಟುವುದು, ವಿದ್ಯುತ್ತಿನ ಫ್ಯೂಜು ಕಿತ್ತುಕೊಳ್ಳುವುದು, ಅವರಿಲ್ಲದಾಗ ಕೀಲಿ ಬದಲಿಸುವುದು, ಇವು ಭಕ್ತನ ಲಕ್ಷಣಗಳಲ್ಲ. ಬಿಡಿಸುವುದಾದರೆ ನ್ಯಾಯಾಲಯದ ದಾರಿಯೊಂದೇ. ಹನ್ನೊಂದು ತಿಂಗಳ ಕರಾರು ಮಾಡಿಸಿದರೆ ಹನ್ನೆರಡನೆಯ ತಿಂಗಳಿಗೆ ಸಾಮಾನು ಹೊರಗೆ ಇಡಬಹುದೆಂದು ಹಲವರು ನಂಬಿದ್ದಾರೆ. ಹಾಗಲ್ಲ. 1908ರ ನೋಂದಣಿ ಅಧಿನಿಯಮದಂತೆ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯ ಪತ್ರವನ್ನು ನೋಂದಾಯಿಸತಕ್ಕದ್ದು. ಆ ಖರ್ಚನ್ನು ತಪ್ಪಿಸುವುದಕ್ಕೆ ಹುಟ್ಟಿದ ರೂಢಿಯೇ ಈ ಹನ್ನೊಂದು. ಅದು ಒಡೆಯನಿಗೆ ಕೊಟ್ಟ ಅಂಕುಶವೇನೂ ಅಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಅದು ನನಗೆ ನಾಚಿಕೆಯುಂಟುಮಾಡಿದ ವಿಷಯ. ಆದಾಯ ತೆರಿಗೆಯ ಕಾನೂನಿನಲ್ಲಿ ಬಾಡಿಗೆ ಮನೆಯ ಆದಾಯದಿಂದ, ನಗರಸಭೆಗೆ ಕಟ್ಟಿದ ತೆರಿಗೆಯನ್ನು ಕಳೆದು, ಉಳಿದುದರಲ್ಲಿ ಶೇಕಡಾ 30ನ್ನು ಬಿಡುತ್ತಾರೆ. ರಿಪೇರಿ ಮೊದಲಾದುವಕ್ಕೆ ಎಂಬ ಲೆಕ್ಕದಲ್ಲಿ ಬಿಡುವುದು; ನಿಜವಾಗಿ ಖರ್ಚು ಮಾಡಿದಿರಾ ಎಂದು ಕೇಳುವುದಿಲ್ಲ. ನನ್ನ ವರ್ಷದ ಬಾಡಿಗೆ 1,08,000, ಕಟ್ಟಿದ ತೆರಿಗೆ 4,000, ಬಿಟ್ಟುಕೊಟ್ಟದ್ದು 31,200. ಆ ವರ್ಷ ನಾನು ಮೇಲಿನ ಮನೆಗೆ ಮಾಡಿದ ಖರ್ಚು ಒಂದು ನಳ, ಎರಡು ಚಿಲಕ. ಧಾರವಾಡದ ಮಳೆಯು ನಿಮಗೆ ಗೊತ್ತು. ಅಡುಗೆಮನೆಯ ಗೋಡೆಯು ಆಷಾಢದಿಂದ ಭಾದ್ರಪದದವರೆಗೆ ಜಿನುಗುತ್ತಿತ್ತು. ಆ ತಾಯಿ ಎರಡು ಸಲ ಬಂದು ಹೇಳಿದರು. ಮಳೆ ನಿಲ್ಲಲಿ ಎಂದೆ. ಮಳೆ ನಿಂತ ಮೇಲೆ, ಈಗ ಜಿನುಗುವುದಿಲ್ಲವಲ್ಲ ಎಂದೆ. ಸರಕಾರವು ದುರಸ್ತಿಗೆಂದು ಬಿಟ್ಟ ಹಣವನ್ನು ದುರಸ್ತಿ ಮಾಡದೆ ಉಳಿಸಿಕೊಂಡವನು ಯಾವ ಬಾಯಿಂದ ಸತ್ಯಶುದ್ಧ ಕಾಯಕದ ಪಾಠ ಹೇಳತಕ್ಕದ್ದು?

ಆ ಕುಟುಂಬವು 2017ರಲ್ಲಿ ಬಂದಿತು. ಗಂಡನು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹೆಂಡತಿ, ಎರಡು ಮಕ್ಕಳು. ಮುಂಗಡವಾಗಿ 80,000 ರೂಪಾಯಿ ಕೊಟ್ಟರು. ಮನೆ ಬಿಡುವ ದಿನ ಮರಳಿ ಕೊಡತಕ್ಕ ಹಣವಿದು. ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ನಿಕ್ಷೇಪವೆಂದು ಹೆಸರು. ಇಟ್ಟವನ ಸ್ವತ್ತು, ಇಟ್ಟುಕೊಂಡವನದಲ್ಲ. ಕೇಂದ್ರಸರಕಾರವು 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ನಾನು ತೆಗೆದುಕೊಂಡದ್ದು ಸುಮಾರು ಒಂಬತ್ತು ತಿಂಗಳದ್ದು.

2019ರಲ್ಲಿ ಒಬ್ಬರು ಊರಾಚೆ ಗುಂಟಾ ಪ್ಲಾಟು ಇದೆಯೆಂದರು. ಒಂದು ಗುಂಟೆ, ಅಂದರೆ 1,089 ಚದರಡಿ. ಎನ್.ಎ. ಆಗಿಲ್ಲ, ಆದೀತು, ಉತಾರ ಈಗಿಲ್ಲ, ಬಂದೀತು, ಸದ್ಯ ಬಾಂಡಿನ ಮೇಲೆ ಬರೆದುಕೊಡುತ್ತೇವೆ ಎಂದರು. ನೂರು ರೂಪಾಯಿ ಬೆಲೆಯ ಸ್ಥಾವರವನ್ನೂ ನೋಂದಾಯಿತ ಪತ್ರವಿಲ್ಲದೆ ಕ್ರಯಕ್ಕೆ ಪಡೆಯಲಾಗದೆಂದು 1882ರ ಸ್ವತ್ತು ವರ್ಗಾವಣೆಯ ಕಾನೂನು ಹೇಳುತ್ತದೆ. ಇದು ಅಂದು ನನಗೆ ತಿಳಿಯದು. ತಿಳಿದಿದ್ದರೂ ಕೇಳುತ್ತಿದ್ದೆನೆಂದು ಧೈರ್ಯವಾಗಿ ಹೇಳಲಾರೆನು, ಆಶೆಯು ಕಿವಿಯನ್ನು ಮುಚ್ಚುತ್ತದೆ. ಕೈಯಲ್ಲಿದ್ದ ಉಳಿತಾಯಕ್ಕೆ ಆ 80,000ವನ್ನು ಸೇರಿಸಿ ಕೊಟ್ಟುಬಿಟ್ಟೆ. ಇಂದಿಗೂ ಆ ಪ್ಲಾಟಿನಲ್ಲಿ ಕಟ್ಟುವಂತಿಲ್ಲ, ಮಾರುವಂತಿಲ್ಲ. ಕರಿಕೆಯು ಮಾತ್ರ ಸೊಗಸಾಗಿ ಬೆಳೆಯುತ್ತದೆ.

2022ರಲ್ಲಿ ಆತನಿಗೆ ಬೆಳಗಾವಿಯಲ್ಲಿ ಕೆಲಸ ದೊರೆಯಿತು. ಒಂದು ತಿಂಗಳು ಮುಂಚಿತವಾಗಿಯೇ ತಿಳಿಸಿ, ಮನೆಯನ್ನು ಗುಡಿಸಿ ಸಾರಿಸಿ, ಕೀಲಿಕೈಯನ್ನು ನನ್ನ ಕೈಗಿಟ್ಟರು. ನನ್ನ ಹತ್ತಿರ ಹಣವಿರಲಿಲ್ಲ. ಇಲ್ಲವೆಂದು ಹೇಳುವ ಬದಲು ನಾನು ಗೋಡೆಗಳನ್ನು ನೋಡತೊಡಗಿದೆ. ಮಗು ಗೀಚಿದ ಗೆರೆಗಳು, ಅಡುಗೆಮನೆಯ ಕಲೆ, ಸಡಿಲವಾದ ಬಾಗಿಲು. ಬಣ್ಣಕ್ಕೆ 9,000 ಹಿಡಿದುಕೊಳ್ಳುವೆನೆಂದೆ. ಮಿಕ್ಕದ್ದು ಹೊಸ ಬಾಡಿಗೆದಾರರು ಬಂದ ಮೇಲೆ ಎಂದೆ. ಆ ಕಲೆಯು ನಾನು ದುರಸ್ತಿ ಮಾಡಿಸದ ಜಿನುಗಿನದೇ ಆಗಿತ್ತು. ಆತನು ಅದನ್ನು ಎತ್ತಿ ಆಡಲಿಲ್ಲ.

ನಾಲ್ಕು ತಿಂಗಳು ಹೀಗೆಯೇ ಹೋಯಿತು. ಆತನು ದೂರವಾಣಿಯಲ್ಲಿ ಕೇಳುತ್ತಲೇ ಇದ್ದನು, ನಾನು ನಾಳೆಯೆನ್ನುತ್ತಲೇ ಇದ್ದೆನು. ಒಂದು ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ನಮ್ಮ ಮನೆಯವರೇ ಮಾತನಾಡಿದರು. ಬೆಳಗಾವಿಯ ಮನೆಯ ಮುಂಗಡಕ್ಕೆ ಆತನು ನೂರಕ್ಕೆ ಮೂರರ ಬಡ್ಡಿಯಲ್ಲಿ ಕೈಸಾಲ ಮಾಡಿರುವ ಸಂಗತಿ ಆಗ ತಿಳಿಯಿತು. ಎಂಭತ್ತು ಸಾವಿರಕ್ಕೆ ತಿಂಗಳಿಗೆ 2,400. ನಾಲ್ಕು ತಿಂಗಳಿಗೆ 9,600. ಪೂಜೆಗೆ ಕುಳಿತಿದ್ದ ನನ್ನ ಮುಂದೆ ಬಂದು ನಿಂತು ಅವರು ಕೇಳಿದರು: “ಅವರ ರೊಕ್ಕ ನಮ್ಮ ಮನ್ಯಾಗ, ಬಡ್ಡಿ ಅವರ ಮನ್ಯಾಗ. ನೀವು ಹುಡುಗರಿಗೆ ಲಕ್ಕಮ್ಮನ ಕಥಿ ಹೇಳ್ತೀರಿ ಅಲ್ಲ?”

ಕೈಯಲ್ಲಿ ಲಿಂಗವಿತ್ತು, ಉತ್ತರವಿರಲಿಲ್ಲ.

ಅಂದೇ ತಮ್ಮ ಪಾಟಲಿಗಳನ್ನು ಬಿಚ್ಚಿ ಕೊಟ್ಟರು. ಸಹಕಾರಿ ಸಂಘದಲ್ಲಿ ಅವನ್ನು ಒತ್ತೆಯಿಟ್ಟು, ಬಣ್ಣದ 9,000ವನ್ನೂ ಬಿಡದೆ ಇಡೀ 80,000ವನ್ನೂ ಬಡ್ಡಿಯ 9,600ನ್ನೂ ತೆಗೆದುಕೊಂಡು ನಾನೇ ಬೆಳಗಾವಿಗೆ ಹೋದೆನು. ಬಡ್ಡಿಯನ್ನು ಕೊಡುವಾಗ, ‘ಇರಲಿ ಬಿಡ್ರಿ ಗುರುಗಳೆ’ ಎಂದಾರೆಂದು ಒಳಗೊಳಗೇ ಎಣಿಸಿದ್ದೆ. ಅವರು ಹಾಗೆನ್ನಲಿಲ್ಲ. ಎಣಿಸಿ ತೆಗೆದುಕೊಂಡರು, ಚಹಾ ಕೊಟ್ಟರು. ಅದು ನ್ಯಾಯವೇ. ಬಾಡಿಗೆದಾರನು ನಮಗೆ ಕೃತಜ್ಞನಾಗಿರಬೇಕೆಂಬ ಅಹಂಕಾರವು ಎಷ್ಟು ಆಳದಲ್ಲಿ ಬೇರೂರಿರುತ್ತದೆಂಬುದು ಮರಳಿ ಬರುವ ಬಸ್ಸಿನಲ್ಲಿ ನನಗೆ ಅರಿವಾಯಿತು. ಭೃತ್ಯಾಚಾರವೆಂಬ ಶಬ್ದದ ಅರ್ಥವನ್ನು ನಾನು ಮೂವತ್ತು ವರ್ಷಗಳಿಂದ ಬರೆಯಿಸುತ್ತಲಿದ್ದೆ.

ಈಗ ಮೇಲೆ ಮೂವರು ಹುಡುಗರಿದ್ದಾರೆ, ಪೋಲೀಸ್ ನೇಮಕಾತಿಯ ಪರೀಕ್ಷೆಗೆ ಓದುವವರು. ಮನೆ ನೋಡಲು ಬಂದ ದಿನ ಅವರ ಊರನ್ನು ಕೇಳಿದೆ, ತಂದೆಯ ಉದ್ಯೋಗವನ್ನು ಕೇಳಿದೆ. ಮೂರನೆಯ ಪ್ರಶ್ನೆಯು ನಾಲಗೆಯ ತುದಿಗೆ ಬಂದಿತು. ‘ನೀವು ಯಾವ ಜನ?’ ನಮ್ಮ ಪೇಟೆಯಲ್ಲಿ ಒಡೆಯರು ಸಾಮಾನ್ಯವಾಗಿ ಮೊದಲು ಕೇಳುವುದೇ ಇದನ್ನು, ಕೊರಳಲ್ಲಿ ಕರಡಿಗೆ ಧರಿಸಿದವರೂ ಕೇಳುತ್ತಾರೆ. ಹರಳಯ್ಯ ಮಧುವರಸರ ಮನೆತನಗಳು ಬೀಗತನ ಮಾಡಿ ತೆತ್ತ ಬೆಲೆಯನ್ನು ಪುರಾಣವೆಂದು ಕೇಳಿ ಕಣ್ಣೊರಸಿಕೊಳ್ಳುವ ನಾವು ಖೋಲಿಯ ಬಾಗಿಲಲ್ಲಿ ಮಾತ್ರ ಬಿಜ್ಜಳನ ಆಸ್ಥಾನದವರಾಗುತ್ತೇವೆ. ನಾನು ಆ ಪ್ರಶ್ನೆಯನ್ನು ನುಂಗಿ, “ನೀರು ಎರಡು ದಿನಕ್ಕೊಮ್ಮೆ ಬರ್ತದ, ನಡೀತದೇನಪಾ?” ಎಂದೆ. ನಡೀತದ್ರಿ ಅಂದರು. ಮುಂಗಡವಾಗಿ ಎರಡು ತಿಂಗಳ ಬಾಡಿಗೆಯನ್ನಷ್ಟೆ ತೆಗೆದುಕೊಂಡೆ. ಅದು ಅಂಚೆಕಚೇರಿಯ ಪಾಸ್‌ಪುಸ್ತಕದಲ್ಲಿದೆ. ಪುಸ್ತಕವು ನಮ್ಮ ಮನೆಯವರ ವಶದಲ್ಲಿದೆ.

ಆ ನಿವೃತ್ತ ಭಕ್ತರು ಹಿಂದಿನ ವಾರ ಮತ್ತೆ ಸಿಕ್ಕಿದ್ದರು. ಕಾಯದಿಂದ ಮಾಡಿದುದೇ ಕಾಯಕವಷ್ಟೆ, ನೀವು ಮಾಳಿಗೆಯನ್ನು ಹತ್ತಿ ನೋಡಿ ಎಷ್ಟು ದಿನವಾಯಿತೆಂದು ಕೇಳಿದೆ. ಮೊಣಕಾಲು ನೋವೆಂದರು. ಭಾನುವಾರ ನಾನೇ ಬರುವೆನೆಂದು ಹೇಳಿದ್ದೇನೆ. ಅವರ ಮೇಲಿನ ಮನೆಯ ವಾಯವ್ಯದ ಮೂಲೆಯಲ್ಲಿ ಬಿರುಕು ಬಿಟ್ಟಿದೆಯಂತೆ, ಮೃಗಶಿರೆಯ ಮಳೆ ಹಿಡಿಯುವುದಕ್ಕೆ ಇನ್ನು ಹದಿನೈದು ದಿನವಿದೆ. ಒಂದು ಚೀಲ ಸಿಮೆಂಟು ತರಿಸಿಡಲು ತಿಳಿಸಿದ್ದೇನೆ.